ದಿಗ್ವ್ರತವೂ ಸ್ವಿಟ್ಜರ್‌ಲೆಂಡ್ ಪ್ರವಾಸವೂ

ಬೇಸಗೆಯ ರಜೆ ಸಮೀಪಿಸುತ್ತಿದ್ದಂತೆ ರಾಯಚೂರಿನ ರಾಜೇಂದ್ರ ಗಂಜಿನ ಅಡತಿ ಅಂಗಡಿಗಳಲ್ಲಿ, ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ, ದೇವದುರ್ಗದ ಬಟ್ಟೆಯಂಗಡಿಗಳಲ್ಲಿ ಹತ್ತಿ-ಭತ್ತದ ಧಾರಣೆಯಷ್ಟೇ ಆಸಕ್ತಿಯಿಂದ ಚರ್ಚೆಗೆ ಬರುವ ವಿಷಯ ಇನ್ನೊಂದಿದೆ. ಈ ವರ್ಷ ಯಾರ ಮನೆಯವರು ಸ್ವಿಟ್ಜರ್‌ಲೆಂಡಿಗೆ ಹೊರಟಿದ್ದಾರೆ ಎಂಬುದೇ ಆ ವಿಷಯ. ಒಂದು ಕಾಲಕ್ಕೆ ಮುಂಬಯಿಯ ಶ್ರೀಮಂತರ ಮಾತಾಗಿದ್ದದ್ದು ಈಗ ಕೃಷ್ಣಾ-ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನ ಸಣ್ಣ ಪೇಟೆಗಳಿಗೂ ಬಂದಿದೆ. ದೊಡ್ಡ ನಗರಗಳ ಪ್ರವಾಸ ಕಂಪನಿಗಳ ಬಣ್ಣದ ಕರಪತ್ರಗಳು ಅಂಗಡಿಯ ಗಾದಿಯ ಮೇಲೆ ಕಿರ್ದಿ ಪುಸ್ತಕದ ಪಕ್ಕದಲ್ಲಿಯೇ ಬಿದ್ದಿರುತ್ತವೆ. ಹಿಮಾಚ್ಛಾದಿತ ಶಿಖರ, ಹಸಿರು ಹುಲ್ಲುಗಾವಲು, ಕೊರಳಲ್ಲಿ ಗಂಟೆ ಕಟ್ಟಿದ ಹಸು. ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ 'ಶುದ್ಧ ಜೈನ ಭೋಜನದ ವ್ಯವಸ್ಥೆ ಇದೆ' ಎಂಬ ಆಶ್ವಾಸನೆ.

ಈ ಆಶ್ವಾಸನೆಯೊಂದು ದೊರೆತರೆ ಸಾಕು, ಮನೆಯ ಹಿರಿಯರ ಆಕ್ಷೇಪಣೆಗಳೆಲ್ಲ ಅಡಗಿಬಿಡುತ್ತವೆ. ಅಜ್ಜಿ ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಊಟಕ್ಕೇನು ಮಾಡ್ತೀರಿ?" ಅದಕ್ಕೆ ಸಿದ್ಧವಾದ ಉತ್ತರವೂ ಒಂದೇ: "ಅಡಿಗಿಯವರು ನಮ್ಮ ಜೋಡಿನೇ ಬರ್ತಾರ, ಉಳ್ಳಾಗಡ್ಡಿ, ಬಟಾಟಿ ಏನೂ ಹಾಕಂಗಿಲ್ಲ." ಅಲ್ಲಿಗೆ ಧರ್ಮದ ವಿಚಾರ ಮುಗಿಯುತ್ತದೆ, ಲಗೇಜಿನ ವಿಚಾರ ಆರಂಭವಾಗುತ್ತದೆ.

ಧರ್ಮದ ವಿಚಾರ ಆರಂಭವಾಗಬೇಕಾದ ಸ್ಥಳದಲ್ಲಿಯೇ ಅದು ಮುಗಿದುಹೋಗುತ್ತಿರುವುದು ಇಂದಿನ ಶ್ರಾವಕ ಸಮಾಜದ ದುರ್ದೈವ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಪ್ರಯಾಣದ ಬಗ್ಗೆಯೇ ನೇರವಾಗಿ ಹೇಳುವ ವ್ರತವಿದೆ. ಅದರ ಹೆಸರು ದಿಗ್ವ್ರತ. ಕಂದಮೂಲ ಬಿಡುವುದನ್ನು ಮಕ್ಕಳಿಗೂ ಕಲಿಸಿರುವ ಕುಟುಂಬಗಳಲ್ಲಿ ಈ ವ್ರತದ ಹೆಸರನ್ನು ಕೇಳಿದವರು ಎಷ್ಟು ಮಂದಿ? ಯುರೋಪಿನ ಪ್ರವಾಸಕ್ಕೆ ಯೋಜನೆ ಹಾಕುವವರು ಆರು ತಿಂಗಳ ಬ್ಯಾಂಕ್ ಲೆಕ್ಕ, ಮೂರು ವರ್ಷದ ಆದಾಯ ತೆರಿಗೆ ವಿವರ, 30,000 ಯೂರೋಗೆ ಕಡಿಮೆಯಿಲ್ಲದ ವಿಮೆ, ಇವನ್ನೆಲ್ಲ ಜೋಡಿಸಿಕೊಳ್ಳುತ್ತಾರೆ. ದಿಗ್ವ್ರತದ ವಿಚಾರ ಮಾತ್ರ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ.

ಊಟವೊಂದೇ ಧರ್ಮವೇ?

ಮೊದಲು ಊಟದ ವಿಚಾರವನ್ನೇ ತೆಗೆದುಕೊಳ್ಳಬಹುದು. ಜೂನ್ ತಿಂಗಳಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ಗಂಟೆಯ ನಂತರ. ಎಂಟೂವರೆಗೆ ಹೊಟ್ಟೆತುಂಬ ಉಂಡು 'ಸೂರ್ಯಾಸ್ತಕ್ಕೆ ಮುನ್ನವೇ ಉಂಡೆವು' ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ಇದೇ ಕುಟುಂಬ ದೀಪಾವಳಿಯ ರಜೆಯಲ್ಲಿ ಅಲ್ಲಿಗೆ ಹೋದರೆ ಸಂಜೆ ಐದು ಗಂಟೆಗೇ ಕತ್ತಲೆಯಾಗುತ್ತದೆ; ಆಗ ಬಸ್ಸು ಇನ್ನೂ ದಾರಿಯಲ್ಲಿರುತ್ತದೆ. ರಾತ್ರಿಭೋಜನ ತ್ಯಾಗವೆಂಬ ನಿಯಮ ಗಡಿಯಾರದ ಅನುಕೂಲಕ್ಕೆ ಒಳಗಾಗಿ ಉಳಿಯುವುದಾದರೆ ಅದು ಸಂಯಮವೆನಿಸದು.

ಚೀಸಿನ ವಿಚಾರವೂ ಅಷ್ಟೇ. 'ಹಾಲಿನ ಪದಾರ್ಥ ತಾನೆ' ಎಂದು ಭಾವಿಸಿ ಅಲ್ಲಿಯ ಗ್ರುಯೇರ್ ಚೀಸನ್ನು ಮಕ್ಕಳ ತಟ್ಟೆಗೆ ಹಾಕುವವರಿಗೆ ಆ ಚೀಸಿಗಾಗಿ ಹಾಲು ಒಡೆಯಲು ಬಳಸುವ ರೆನೆಟ್ ಎಂಬುದು ಎಳೆಗರುವಿನ ಜಠರದಿಂದ ಬರುತ್ತದೆಂಬುದು ತಿಳಿದಿರುವುದಿಲ್ಲ. ಫಾಂಡ್ಯು ಎಂಬ ಅಲ್ಲಿಯ ಪ್ರಸಿದ್ಧ ತಿನಿಸಿನಲ್ಲಿ ಕರಗಿದ ಚೀಸಿನೊಡನೆ ದ್ರಾಕ್ಷಾಮದ್ಯವನ್ನು ಸೇರಿಸುವುದು ರೂಢಿ. ಕರಪತ್ರದ ಹಸುವಿನ ಕೊರಳ ಗಂಟೆ ಈ ಸಂಗತಿಗಳನ್ನು ಹೇಳುವುದಿಲ್ಲ.

ಆದರೂ ಅಡುಗೆಯವರು ನಿಷ್ಠಾವಂತರು, ಪಾತ್ರೆ ಬೇರೆ, ನೀರು ಸೋಸಿದ್ದು, ಚೀಸು ಮುಟ್ಟುವುದಿಲ್ಲ ಎಂದೇ ಒಪ್ಪಿಕೊಳ್ಳಬಹುದು. ಆಗಲೂ ಬಗೆಹರಿಯುವುದು ಊಟದ ಪ್ರಶ್ನೆ ಮಾತ್ರ. ಪ್ರಯಾಣದ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ದಿಗ್ವ್ರತವೆಂದರೇನು?

ದಶದಿಕ್ಕುಗಳಲ್ಲಿ ಇಂತಿಷ್ಟು ದೂರದವರೆಗೆ ಮಾತ್ರ ಹೋಗುವೆನೆಂದು ಗೃಹಸ್ಥನು ತಾನಾಗಿಯೇ ಗಡಿ ಹಾಕಿಕೊಳ್ಳುವುದು ದಿಗ್ವ್ರತ. ಆ ಗಡಿಗೆ ಸಮುದ್ರ, ನದಿ, ಅಡವಿ, ಪರ್ವತ, ನಾಡು ಇವುಗಳನ್ನು ಗುರುತಾಗಿ ಇಟ್ಟುಕೊಳ್ಳಬಹುದು, ಯೋಜನಗಳ ಲೆಕ್ಕದಲ್ಲಿಯೂ ಹೇಳಬಹುದು ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ್ದಾರೆ. ಅದೇ ಗ್ರಂಥದಲ್ಲಿ ಅವರು ಹೇಳಿರುವ ಇನ್ನೊಂದು ಸಂಗತಿಯನ್ನು ಶ್ರಾವಕರು ಮನಸ್ಸಿಟ್ಟು ಆಲೋಚಿಸಬೇಕು. ಗಡಿಯ ಒಳಗೆ ಗೃಹಸ್ಥನ ಅಹಿಂಸೆ ಅಣುವ್ರತವೇ. ವ್ಯಾಪಾರ, ಅಡುಗೆ, ಮನೆ ಕಟ್ಟುವುದು ಇವುಗಳಲ್ಲಿ ಸೂಕ್ಷ್ಮ ಹಿಂಸೆ ತಪ್ಪದು. ಗಡಿಯ ಆಚೆಗೆ ಅವನು ಕಾಲಿಡುವುದೇ ಇಲ್ಲವಾದ್ದರಿಂದ ಅಲ್ಲಿ ಅವನಿಂದ ಸೂಕ್ಷ್ಮ ಹಿಂಸೆಯೂ ನಡೆಯದು. ಆದ್ದರಿಂದ ಅಲ್ಲಿಯ ಮಟ್ಟಿಗೆ ಅವನ ಅಣುವ್ರತವು ಮಹಾವ್ರತದ ಮಟ್ಟವನ್ನು ಮುಟ್ಟುತ್ತದೆ.

ಎಂಥ ಉದಾತ್ತವಾದ ಕಲ್ಪನೆ ಇದು! ಗಂಜಿನಲ್ಲಿ ತಕ್ಕಡಿ ಹಿಡಿದು ಕುಳಿತ ಸಾಮಾನ್ಯ ವರ್ತಕನೂ ಕೂಡ, ಪಿಂಛಿ-ಕಮಂಡಲು ಹಿಡಿಯದೆಯೇ, ಭೂಮಂಡಲದ ಬಹುಭಾಗದ ಜೀವರಾಶಿಗೆ ಅಭಯದಾನ ನೀಡಬಲ್ಲನು. ಅದಕ್ಕೆ ಅವನು ಮಾಡಬೇಕಾದದ್ದು ಅಲ್ಲಿಗೆ ಹೋಗದಿರುವುದು. ಇಷ್ಟು ಸುಲಭವಾದ, ಇಷ್ಟು ಮಹತ್ತಾದ ದಾನ ಇನ್ನೊಂದಿಲ್ಲ. ಸಂಘದ ಕಾರ್ಯಕ್ರಮಗಳಲ್ಲಿ ಹಲಗೆಯ ಮೇಲೆ ಹೆಸರು ಕೆತ್ತಿಸಿಕೊಳ್ಳಲು ಮುಂದೆ ಬರುವವರು ಹೆಸರು ಬಾರದ ಈ ದಾನಕ್ಕೆ ಮುಂದೆ ಬರುವುದಿಲ್ಲ.

ಈ ವ್ರತ ಬಡವರಿಗಾಗಿ ಹೇಳಿದ್ದು ಎಂದೂ ಯಾರೂ ಭಾವಿಸಬಾರದು. ಉಪಾಸಕದಶಾಂಗ ಸೂತ್ರದಲ್ಲಿ ಬರುವ ವಾಣಿಜ್ಯಗ್ರಾಮದ ಆನಂದ ಶ್ರಾವಕನು ಮಹಾಶ್ರೀಮಂತನಾದ ಗೃಹಸ್ಥ. ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ವ್ರತ ಸ್ವೀಕರಿಸುವಾಗ ಅವನು ದೂರ ಪ್ರಯಾಣಕ್ಕೆ 500 ಬಂಡಿ, ಸಾಗಣೆಗೆ 500 ಬಂಡಿ, ಹಾಗೆಯೇ ನಾಲ್ಕು ಮತ್ತು ನಾಲ್ಕು ನಾವೆಗಳು ಎಂದು ಸಂಖ್ಯೆ ನಿಗದಿಮಾಡಿಕೊಂಡನು. ಸಾವಿರ ಬಂಡಿ ಇದ್ದವನು ಸಂಯಮಿಯೇ ಎಂದು ಇಂದಿನವರು ನಗಬಹುದು. ಆದರೆ ಅವನಲ್ಲಿ ಒಂದು ಸಂಖ್ಯೆ ಇತ್ತು. ಒಂದೇ ಕಾರು ಇರುವ ಇಂದಿನ ಗೃಹಸ್ಥನ ಬಳಿ 'ಇಷ್ಟು ಸಾಕು' ಎಂಬ ಸಂಖ್ಯೆಯೇ ಇಲ್ಲ. ಇವರಿಬ್ಬರಲ್ಲಿ ಯಾರು ಹೆಚ್ಚು ಪರಿಗ್ರಹಿ?

ಐದು ಅತಿಚಾರಗಳು

ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದಲ್ಲಿ ಹೇಳಿದೆ. ಗಡಿ ಮೀರಿ ಮೇಲೇರುವುದು, ಕೆಳಗಿಳಿಯುವುದು, ಅಡ್ಡಲಾಗಿ ಸಾಗುವುದು, ಹಾಕಿಕೊಂಡ ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು, ಹಾಕಿಕೊಂಡ ಗಡಿಯನ್ನೇ ಮರೆಯುವುದು. ಸ್ವಿಟ್ಜರ್‌ಲೆಂಡ್ ಪ್ರವಾಸದ ಕಾರ್ಯಕ್ರಮ ಪತ್ರಿಕೆಯನ್ನು ಈ ಐದರ ಪಕ್ಕದಲ್ಲಿಟ್ಟು ಓದಿದರೆ ಯಾರಿಗಾದರೂ ಆಶ್ಚರ್ಯವಾದೀತು.

ಮೇಲೇರುವುದಕ್ಕೆ ಯುಂಗ್‌ಫ್ರೌಯೋಖ್ ಇದೆ. 3,454 ಮೀಟರ್ ಎತ್ತರದ ಆ ನಿಲ್ದಾಣಕ್ಕೆ ಹಲ್ಲುಗಾಲಿಯ ರೈಲು ಹೋಗುತ್ತದೆ. 1896ರಲ್ಲಿ ಕೆಲಸ ಆರಂಭಿಸಿ, ಬೆಟ್ಟದ ಒಡಲನ್ನು ಸಿಡಿಮದ್ದಿನಿಂದ ಕೊರೆದು, ಹಲವು ಕೂಲಿಕಾರರ ಪ್ರಾಣವನ್ನು ತೆತ್ತು 1912ರಲ್ಲಿ ಅದನ್ನು ಪೂರೈಸಿದರು. ಕೆಳಗಿಳಿಯುವುದಕ್ಕೆ ಹಿಮನದಿಯೊಳಗೇ ಕೊರೆದ ಮಂಜಿನ ಗುಹೆಗಳಿವೆ. ಅಡ್ಡಲಾಗಿ ಸಾಗುವುದಕ್ಕೆ ಮುಂಬಯಿಯಿಂದ ಜ್ಯೂರಿಕ್‌ವರೆಗಿನ ಸುಮಾರು ಆರೂವರೆ ಸಾವಿರ ಕಿಲೋಮೀಟರ್ ಆಕಾಶಮಾರ್ಗವಿದೆ. ಕ್ಷೇತ್ರ ಹಿಗ್ಗುವುದಂತೂ ಕರಪತ್ರದಲ್ಲಿಯೇ ಇದೆ: ಇನ್ನಷ್ಟು ಹಣ ಸೇರಿಸಿದರೆ ಪ್ಯಾರಿಸ್, ಮತ್ತಷ್ಟು ಸೇರಿಸಿದರೆ ಇಟಲಿ. ಐದನೆಯ ಅತಿಚಾರವಾದ ಮರೆವಿನ ವಿಷಯ ಹೇಳಲೇ ಬೇಕಿಲ್ಲ. ಮರೆಯಬೇಕಾದರೆ ಗಡಿಯೊಂದನ್ನು ಹಾಕಿಕೊಂಡಿರಬೇಕು. ಹಾಕಿಕೊಳ್ಳದವನಿಗೆ ಮರೆಯುವ ಅವಕಾಶವೂ ಇಲ್ಲ.

ಸೋಜಿಗದ ಸಂಗತಿಯೆಂದರೆ ಬೇರೆಯವರು ಹಾಕಿದ ಗಡಿಗಳನ್ನು ಇದೇ ಶ್ರಾವಕರು ಚಾಚೂ ತಪ್ಪದೆ ಪಾಲಿಸುತ್ತಾರೆ. ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರಬಾರದೆಂದರೆ ಒಂದು ದಿನವೂ ಮೀರುವುದಿಲ್ಲ. 2023ರ ಅಕ್ಟೋಬರ್ 1ರಿಂದ 7 ಲಕ್ಷ ರೂಪಾಯಿ ಮೀರಿದ ವಿದೇಶ ಪ್ರವಾಸದ ಪ್ಯಾಕೇಜಿಗೆ ಶೇಕಡಾ 20ರಷ್ಟು ತೆರಿಗೆಯನ್ನು ಮೂಲದಲ್ಲಿಯೇ ವಸೂಲು ಮಾಡುವ ನಿಯಮ ಬಂದಾಗ, ಆ ಮಿತಿಯೊಳಗೆ ಉಳಿಯಲು ಒಂದೇ ಮನೆಯ ಬುಕಿಂಗನ್ನು ಎರಡು ಹೆಸರಿಗೆ ಒಡೆಯಬಹುದೇ ಎಂದು ಲೆಕ್ಕಪರಿಶೋಧಕರ ಬಳಿಗೆ ಓಡಿದವರುಂಟು. 2025ರ ಏಪ್ರಿಲಿನಲ್ಲಿ ಆ ಮಿತಿ 10 ಲಕ್ಷಕ್ಕೇರಿದಾಗ ನಿಟ್ಟುಸಿರು ಬಿಟ್ಟವರೂ ಉಂಟು. ರಾಯಭಾರ ಕಚೇರಿ ಹಾಕಿದ ಗಡಿ ಗೊತ್ತು, ತೆರಿಗೆ ಇಲಾಖೆ ಹಾಕಿದ ಗಡಿ ಗೊತ್ತು. ತನಗೆ ತಾನೇ ಹಾಕಿಕೊಳ್ಳಬೇಕಾದ ಗಡಿಯೊಂದು ಮಾತ್ರ ಗೊತ್ತಿಲ್ಲ.

ಹಿಮವೂ ಜೀವವೇ

ಅನರ್ಥದಂಡವೆಂದರೆ ಪ್ರಯೋಜನವಿಲ್ಲದೆ ಮಾಡುವ ಹಿಂಸೆ. ಅದರ ಒಂದು ಬಗೆಯಾದ ಪ್ರಮಾದಚರ್ಯೆಯನ್ನು ವಿವರಿಸುವಾಗ ಸಮಂತಭದ್ರರು ವ್ಯರ್ಥವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಇವುಗಳ ಜೊತೆಗೆ ಸುಮ್ಮನೆ ಸುತ್ತಾಡುವುದನ್ನೂ ಇತರರನ್ನು ಸುತ್ತಾಡಿಸುವುದನ್ನೂ ಸೇರಿಸಿದ್ದಾರೆ. ಪ್ರವಾಸಿಗ, ಪ್ರವಾಸ ಕಂಪನಿ, ಇಬ್ಬರನ್ನೂ ಒಂದೇ ಮಾತಿನಲ್ಲಿ ಅವರು ಹಿಡಿದಿದ್ದಾರೆ.

ಇಬ್ಬನಿ, ಮಂಜು, ಆಲಿಕಲ್ಲು ಇವೆಲ್ಲ ಅಪ್ಕಾಯ ಜೀವಗಳೆಂದು ಪಾಠಶಾಲೆಯ ಮಕ್ಕಳಿಗೂ ಹೇಳಿಕೊಡಲಾಗುತ್ತದೆ. ಮನೆಯಲ್ಲಿ ನೀರನ್ನು ಸೋಸಿ ಕುಡಿಯುವ, ಚೊಂಬು ನೀರು ಹೆಚ್ಚು ಚೆಲ್ಲಿದರೆ ಮಗುವನ್ನು ಗದರಿಸುವ ತಾಯಿಯೇ ಟಿಟ್ಲಿಸ್ ಬೆಟ್ಟದಲ್ಲಿ ಹಿಮದ ಉಂಡೆ ಕಟ್ಟಿ ಮಗುವಿನ ಮೇಲೆ ಎಸೆದು ಫೋಟೋ ತೆಗೆಸಿಕೊಳ್ಳುತ್ತಾಳೆ. ಏಕೇಂದ್ರಿಯ ಜೀವದ ವಿಚಾರದಲ್ಲಿ ಗೃಹಸ್ಥನಿಗೆ ರಿಯಾಯಿತಿ ಇದೆ, ನಿಜ. ಅದು ಅನಿವಾರ್ಯಕ್ಕೆ ಕೊಟ್ಟ ರಿಯಾಯಿತಿ; ವಿನೋದಕ್ಕೆ ಕೊಟ್ಟದ್ದಲ್ಲ.

ಜೀವವಿಚಾರವನ್ನು ಒಪ್ಪದವರೂ ಲೆಕ್ಕವನ್ನು ಒಪ್ಪಬೇಕು. ಆ ದೇಶದ ಹಿಮನದಿಗಳು 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ತಮ್ಮ ಗಾತ್ರದ ಸುಮಾರು ಹತ್ತನೆಯ ಒಂದು ಭಾಗವನ್ನು ಕಳೆದುಕೊಂಡವು. ರೋನ್ ಹಿಮನದಿಯ ಗುಹೆ ಕರಗದಿರಲೆಂದು ಬೇಸಗೆಯಲ್ಲಿ ಅದರ ಮೇಲೆ ಬಿಳಿ ಹೊದಿಕೆ ಹೊದಿಸುತ್ತಾರೆ. 2025ರ ಮೇ 28ರಂದು ಬ್ಲಾಟನ್ ಎಂಬ ಹಳ್ಳಿಯ ಮೇಲೆ ಬಂಡೆ-ಹಿಮಗಳ ರಾಶಿ ಕುಸಿದು ಊರಿನ ಬಹುಭಾಗ ಹೂತುಹೋಯಿತು. ಸುಮಾರು 300 ಜನರನ್ನೂ ಅವರ ದನಕರುಗಳನ್ನೂ ಮೊದಲೇ ಬೇರೆಡೆಗೆ ಸಾಗಿಸಿದ್ದರಿಂದ ದೊಡ್ಡ ಪ್ರಾಣಹಾನಿ ತಪ್ಪಿತು. ಜ್ಯೂರಿಕ್‌ಗೆ ಹೋಗಿ ಬರುವ ಒಬ್ಬ ವಿಮಾನ ಪ್ರಯಾಣಿಕನ ಪಾಲಿಗೆ ಬರುವ ಅಂಗಾರಾಮ್ಲ ಅನಿಲ ಒಂದು ಟನ್ನಿಗೂ ಹೆಚ್ಚು. ಸರಾಸರಿ ಭಾರತೀಯನ ಲೆಕ್ಕಕ್ಕೆ ಇಡೀ ವರ್ಷದಲ್ಲಿ ಬರುವುದು ಸುಮಾರು ಎರಡು ಟನ್. ಭೂಮಿಯ ಜ್ವರಕ್ಕೆ ಒಂದು ವಿಮಾನವೇ ಕಾರಣವಲ್ಲ. ಆದರೆ ಕರಗುವ ಮುನ್ನ ನೋಡಿಬಿಡಬೇಕೆಂದು ಓಡುವವನು ಕರಗಿಸುವುದರಲ್ಲಿ ತನ್ನದೂ ಒಂದು ಪಾಲು ಸೇರಿಸುತ್ತಾನೆಂಬುದನ್ನು ಅಲ್ಲಗಳೆಯಲಾಗದು.

ನಮ್ಮ ಬೆಟ್ಟ, ಅವರ ಬೆಟ್ಟ

ಇಲ್ಲಿ ಸಮಾಜವು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಜಾರ್ಖಂಡದ ಸಮ್ಮೇದ ಶಿಖರ್ಜಿಯನ್ನು ಪ್ರವಾಸೀ ತಾಣವಾಗಿ ಬೆಳೆಸುವ ಮಾತು ಬಂದಾಗ, 2022ರ ಡಿಸೆಂಬರಿನಿಂದ 2023ರ ಜನವರಿಯವರೆಗೆ ದೇಶದ ಅನೇಕ ಊರುಗಳಲ್ಲಿ ಜೈನರು ಬೀದಿಗಿಳಿದರು. ಜೈಪುರದಲ್ಲಿ ಸುಜ್ಞೇಯಸಾಗರ ಮಹಾರಾಜರು ಈ ಕಾರಣಕ್ಕಾಗಿಯೇ ಅನ್ನ ತ್ಯಜಿಸಿ 2023ರ ಜನವರಿ 3ರಂದು ದೇಹ ಬಿಟ್ಟರು. ಎರಡು ದಿನಗಳ ನಂತರ, ಜನವರಿ 5ರಂದು, ಕೇಂದ್ರ ಸರ್ಕಾರ ಅಲ್ಲಿಯ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು.

ಅಂದು ಸಮಾಜ ಮಂಡಿಸಿದ ವಾದವೇನು? ಪರ್ವತವು ವಿನೋದದ ಸ್ಥಳವಲ್ಲ. ಮೋಜಿಗೆ ಬಂದವರು ಬೆಟ್ಟದ ಪಾವಿತ್ರ್ಯವನ್ನೂ ಶಾಂತಿಯನ್ನೂ ಕೆಡಿಸುತ್ತಾರೆ ಎಂಬುದೇ ಆ ವಾದ. ಅದು ಸತ್ಯವಾದ ವಾದ. ಆದರೆ ಸತ್ಯವು ಶಿಖರ್ಜಿಗೆ ಮಾತ್ರ ಅನ್ವಯಿಸಿ ಆಲ್ಪ್ಸ್ ಪರ್ವತಕ್ಕೆ ಅನ್ವಯಿಸದೆ ಇರುತ್ತದೆಯೇ? ತನ್ನ ಬೆಟ್ಟ ಪವಿತ್ರ, ಇನ್ನೊಬ್ಬರ ಬೆಟ್ಟ ಆಟದ ಬಯಲು ಎಂಬುದಾದರೆ ಆ ಹೋರಾಟದಲ್ಲಿ ಧರ್ಮಕ್ಕಿಂತ ಸ್ವಾಮ್ಯದ ಅಂಶವೇ ಹೆಚ್ಚಾಯಿತು. ಮಹಾರಾಜರ ತ್ಯಾಗಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ.

ಸಮರ್ಥನೆಗಳು

ಪ್ರವಾಸವನ್ನು ಸಮರ್ಥಿಸುವವರಲ್ಲಿ ವಿದ್ಯಾವಂತರು ಎರಡು ಮಾತುಗಳನ್ನು ಮುಂದಿಡುತ್ತಾರೆ. ಹಿಂದಿನ ಶ್ರಾವಕರೂ ಸಮುದ್ರ ದಾಟಿ ಹೋಗಿದ್ದರು, ವೀರಚಂದ ಗಾಂಧಿಯವರು 1893ರಲ್ಲಿ ಚಿಕಾಗೋಗೆ ಹೋಗಲಿಲ್ಲವೇ ಎಂಬುದು ಒಂದು. ಹೋದರು. ಹಡಗೇರುವುದು ಮುನಿಧರ್ಮಕ್ಕೆ ಸಲ್ಲದ್ದರಿಂದ ತಾವು ಹೋಗಲಾರದ ಆಚಾರ್ಯರು ಅವರನ್ನು ಸರ್ವಧರ್ಮ ಸಮ್ಮೇಳನಕ್ಕೆ ಕಳುಹಿಸಿದ್ದರು. ಅಷ್ಟಿದ್ದೂ ಸಮುದ್ರಯಾನ ಮಾಡಿದ್ದಕ್ಕಾಗಿ ಸಮಾಜದ ಒಂದು ವರ್ಗದ ಆಕ್ಷೇಪಣೆಯನ್ನು ಅವರು ಎದುರಿಸಬೇಕಾಯಿತು. ಆ ಆಕ್ಷೇಪಣೆ ಅತಿಯಾಯಿತೆಂದು ಇಂದು ಎಲ್ಲರೂ ಒಪ್ಪುತ್ತಾರೆ. ದಿಗ್ವ್ರತವು ಪ್ರಯಾಣದ ನಿಷೇಧವಲ್ಲವಷ್ಟೆ. ವ್ಯಾಪಾರಕ್ಕೆ, ವಿದ್ಯೆಗೆ, ಚಿಕಿತ್ಸೆಗೆ, ಧರ್ಮಕಾರ್ಯಕ್ಕೆ ಬೇಕಾದಷ್ಟು ಗಡಿಯನ್ನು ಇಟ್ಟುಕೊಳ್ಳಲು ಅದರಲ್ಲಿ ಅವಕಾಶವಿದೆ. ಆದರೆ ಜಿನಧರ್ಮವನ್ನು ಜಗತ್ತಿಗೆ ತಿಳಿಸಲು ಹೋದವರ ಹೆಸರನ್ನು ಹಿಮದಲ್ಲಿ ಜಾರಲು ಹೋಗುವವರು ಬಳಸಿಕೊಳ್ಳಬಾರದು.

ದೇಶ ಸುತ್ತಿದರೆ ಜ್ಞಾನ ಬರುತ್ತದೆ ಎಂಬುದು ಎರಡನೆಯ ಮಾತು. ಇದರಲ್ಲಿ ಹುರುಳಿದೆ. ಅಹಿಂಸಾಧರ್ಮದವನು ಆ ದೇಶದಿಂದ ಕಲಿಯಬೇಕಾದದ್ದು ಬೇಕಾದಷ್ಟಿದೆ. ಪ್ರಾಣಿಗಳಿಗೂ ಘನತೆಯುಂಟೆಂಬ ತತ್ತ್ವಕ್ಕೆ ಅಲ್ಲಿಯ ಜನ 1992ರಲ್ಲಿ ಮತದಾನದ ಮೂಲಕ ಸಂವಿಧಾನದಲ್ಲಿ ಸ್ಥಾನ ಕೊಟ್ಟರು. ಗುಂಪಿನಲ್ಲಿ ಬಾಳುವ ಸಾಕುಪ್ರಾಣಿಯನ್ನು ಒಂಟಿಯಾಗಿ ಇಡಕೂಡದೆಂದು 2008ರಲ್ಲಿ ನಿಯಮ ಮಾಡಿದರು. ಕಡಲ ಸೀಗಡಿಯ ಜಾತಿಯ ದೊಡ್ಡ ಪ್ರಾಣಿಯನ್ನು ಜೀವಂತವಾಗಿ ಕುದಿಯುವ ನೀರಿಗೆ ಹಾಕುವುದನ್ನು 2018ರಲ್ಲಿ ನಿಷೇಧಿಸಿದರು. ಅದೇ ಜನ, ದೊಡ್ಡ ದೊಡ್ಡ ಕೊಟ್ಟಿಗೆಗಳ ಪ್ರಾಣಿಸಾಕಣೆಯನ್ನು ನಿಲ್ಲಿಸುವ ಪ್ರಸ್ತಾಪವನ್ನು 2022ರ ಸೆಪ್ಟೆಂಬರ್ 25ರಂದು ಬಹುಮತದಿಂದ ತಳ್ಳಿಹಾಕಿದರು. ದಯೆ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ಲಾಭದ ಮುಂದೆ ಸೋಲುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಆದರೆ ಯಾವ 'ಜೈನ ಪ್ರವಾಸ'ದ ಕಾರ್ಯಕ್ರಮದಲ್ಲಿ ಇದಕ್ಕೆ ಅರ್ಧ ಗಂಟೆಯಾದರೂ ಇದೆ? ಅಲ್ಲಿರುವುದು ಟಿಟ್ಲಿಸ್ ಮೇಲೆ ನಿಲ್ಲಿಸಿರುವ ಹಿಂದಿ ಸಿನಿಮಾ ತಾರೆಯರ ಹಲಗೆಯ ಚಿತ್ರ, ಇಂಟರ್‌ಲಾಕನ್ನಿನಲ್ಲಿರುವ ಚಿತ್ರನಿರ್ಮಾಪಕ ಯಶ್ ಚೋಪ್ರಾರ ಪ್ರತಿಮೆ. ಆರೂವರೆ ಸಾವಿರ ಕಿಲೋಮೀಟರ್ ಹೋಗಿ ನೋಡುವುದು ಮನೆಯ ಟೀವಿಯಲ್ಲಿ ನೋಡಿದ್ದನ್ನೇ.

ಒಂದೇ ಊರಿನ ಎರಡು ಪ್ರಯಾಣ

ದುಡಿದ ಹಣ, ತೆರಿಗೆ ಕಟ್ಟಿದ ಹಣ, ಕೇಳುವವರು ಯಾರು ಎಂಬ ಕೊನೆಯ ಮಾತೊಂದು ಉಳಿಯುತ್ತದೆ. ಕೇಳುವುದು ಕಾನೂನಲ್ಲ, ಪರಿಗ್ರಹ ಪರಿಮಾಣ ವ್ರತ. ನಾಲ್ಕು ಮಂದಿಯ ಕುಟುಂಬದ ಯುರೋಪ್ ಪ್ರವಾಸಕ್ಕೆ 10 ಲಕ್ಷ ರೂಪಾಯಿ ಸುಲಭವಾಗಿ ಖರ್ಚಾಗುತ್ತದೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಒಂದು ಕುಟುಂಬಕ್ಕೆ 100 ದಿನದ ಕೂಲಿ 37,000 ರೂಪಾಯಿ. ಒಂದು ವಾರದ ವಿನೋದವು ಇಪ್ಪತ್ತೇಳು ಕುಟುಂಬಗಳ ನೂರು ದಿನದ ಅನ್ನ.

ದೇವದುರ್ಗ, ಮಾನ್ವಿಯ ವರ್ತಕರಿಗೆ ಈ ಲೆಕ್ಕವನ್ನು ದೂರದಿಂದ ತರಬೇಕಾಗಿಲ್ಲ. ಸುಗ್ಗಿ ಮುಗಿದು ಕೆಲಸ ನಿಂತೊಡನೆ ಈ ತಾಲ್ಲೂಕುಗಳ ಹಳ್ಳಿಗಳಿಂದ ಕೂಲಿಕಾರರು ಹಾಸಿಗೆ, ಪಾತ್ರೆ, ಕೂಸುಗಳ ಸಮೇತ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅದೇ ದಿನಗಳಲ್ಲಿ ಅದೇ ಪೇಟೆಯಿಂದ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಕಾರುಗಳು ಹೊರಡುತ್ತವೆ. ಒಬ್ಬರದು ಹೊಟ್ಟೆಗಾಗಿ ಊರು ಬಿಡುವ ಪ್ರಯಾಣ. ಇನ್ನೊಬ್ಬರದು ಹೊಟ್ಟೆ ತುಂಬಿದ್ದಕ್ಕೆ ಊರು ಬಿಡುವ ಪ್ರಯಾಣ. ಗುಳೆ ಹೋದವರು ಬಿತ್ತಿ, ಬಿಡಿಸಿ, ಒಕ್ಕಿದ ಹತ್ತಿ ಮತ್ತು ಭತ್ತದ ಮೇಲಿನ ದಲಾಲಿಯಿಂದಲೇ ವಿಮಾನದ ಟಿಕೇಟು ಬಂದಿದೆ ಎಂಬುದನ್ನು ಕಿರ್ದಿ-ಖಾತೆ ಬಲ್ಲ ಯಾರಿಗೂ ವಿವರಿಸಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಕಾಲುವೆಯ ಕೊನೆಯಂಚಿನ ರೈತನ ಜೊತೆಗೆ ಗಿರಣಿಯವರೂ ಅಡತಿಯವರೂ ನಿದ್ದೆಗೆಟ್ಟರು. ಲಾಭನಷ್ಟದಲ್ಲಿ ಇಷ್ಟು ನಂಟಿರುವವರಿಗೆ ಹಸಿವಿನಲ್ಲಿ ಮಾತ್ರ ನಂಟಿಲ್ಲವೇ?

ಮಾಡಬೇಕಾದದ್ದು

ಬಿಸಿಲಿನ ನಾಡಿನಲ್ಲಿ ವರ್ಷವಿಡೀ ದುಡಿದವರಿಗೆ ವಿಶ್ರಾಂತಿ ಬೇಡವೆಂದು ಯಾರೂ ಹೇಳುವುದಿಲ್ಲ. ಮೇ ತಿಂಗಳ ರಾಯಚೂರಿನ ಧಗೆಯಲ್ಲಿ ಮಕ್ಕಳನ್ನು ತಂಪಿನ ಕಡೆ ಕರೆದೊಯ್ಯುವುದು ಪಾಪವೂ ಅಲ್ಲ. ಮಲೆನಾಡಿನ ಮಳೆಕಾಡುಗಳ ನಡುವೆ ಕುಂದಾದ್ರಿ ಇದೆ. ವರಂಗದಲ್ಲಿ ದೋಣಿಯಲ್ಲಿ ಹೋಗಿ ಸೇರಬೇಕಾದ ಕೆರೆಯ ನಡುವಣ ಬಸದಿ ಇದೆ. ಮೂಡುಬಿದಿರೆ, ಕಾರ್ಕಳ, ಹುಂಚಗಳಿವೆ. ಚಳಿಗಾಲದ ರಜೆಗಾದರೆ ಕೊಪ್ಪಳ ಇದೆ. 1997ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದ ಆ ಊರೇ ಶಾಸನಗಳು ಮಹಾತೀರ್ಥವೆಂದು ಕೊಂಡಾಡಿದ ಕೊಪಣ. ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗವು ಹೆಸರಿಸಿದ ಊರು. ಯುಂಗ್‌ಫ್ರೌ ಹೆಸರನ್ನು ತೊದಲದೆ ಹೇಳುವ ಮಕ್ಕಳಿಗೆ ಕೊಪಣದ ಹೆಸರು ಗೊತ್ತಿಲ್ಲವೆಂದರೆ ತಪ್ಪು ಮಕ್ಕಳದಲ್ಲ.

ಆದರೆ ಸ್ಥಳದ ಹೆಸರು ಬದಲಾದ ಮಾತ್ರಕ್ಕೆ ವ್ರತ ಪಾಲನೆಯಾಗದು. ತೀರ್ಥಯಾತ್ರೆಯೂ ಪ್ಯಾಕೇಜ್ ಆಗಬಹುದು. ಆದ್ದರಿಂದ ಮೊದಲು ಆಗಬೇಕಾದದ್ದು ಗಡಿ. ಪ್ರತಿ ಶ್ರಾವಕ ಕುಟುಂಬವೂ ವರ್ಷಾರಂಭದಲ್ಲಿ, ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ದಿನ, ಅದರ ಮೊದಲ ಪುಟದಲ್ಲಿ ದಶದಿಕ್ಕುಗಳ ಪರಿಮಾಣವನ್ನು ಬರೆದಿಡಲಿ: ವ್ಯಾಪಾರಕ್ಕೆ ಎಲ್ಲಿಯವರೆಗೆ, ಯಾತ್ರೆಗೆ ಎಲ್ಲಿಯವರೆಗೆ, ವಿಶ್ರಾಂತಿಗೆ ಎಲ್ಲಿಯವರೆಗೆ, ಖರ್ಚಿಗೆ ಎಷ್ಟು. ಮಕ್ಕಳ ಎದುರಿನಲ್ಲಿ ಬರೆಯಲಿ. ವರ್ಷದ ನಡುವೆ ಎಂಥ ಕರಪತ್ರ ಬಂದರೂ ಆ ಅಂಕಿಯನ್ನು ತಿದ್ದದಿರಲಿ. ಲೆಕ್ಕದ ಪುಸ್ತಕದಲ್ಲಿ ಅಂಕಿ ತಿದ್ದುವುದು ಅಪರಾಧವೆಂದು ವರ್ತಕನಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಸಂಘಗಳು ವಿದೇಶ ಸುತ್ತಿಬಂದವರಿಗೆ ಶಾಲು ಹೊದಿಸುವುದನ್ನು ನಿಲ್ಲಿಸಲಿ. ಸಮಾಜದ ಪತ್ರಿಕೆಗಳು 'ಜೈನ ಪ್ರವಾಸ'ವೆಂಬ ಜಾಹೀರಾತು ಬಂದಾಗ, ಅಡುಗೆಯ ಹೊರತು ಅದರಲ್ಲಿ ಜೈನವಾದದ್ದು ಇನ್ನೇನಿದೆ ಎಂದು ಕೇಳಿ ಆಮೇಲೆ ಅಚ್ಚುಮಾಡಲಿ.

ಹಾಗೆ ಗಡಿ ಹಾಕಿಕೊಂಡ ಮೇಲೆಯೂ ಒಬ್ಬ ಶ್ರಾವಕನಿಗೆ ಸ್ವಿಟ್ಜರ್‌ಲೆಂಡಿಗೆ ಹೋಗುವ ನಿಜವಾದ ಪ್ರಯೋಜನವಿದ್ದರೆ ಅವನು ಹೋಗಿಬರಲಿ. ಧರ್ಮ ಅವನನ್ನು ತಡೆಯುವುದಿಲ್ಲ. ಪ್ರಯೋಜನವಿಲ್ಲದಿದ್ದರೆ ಆ ಹಿಮದ ಬೆಟ್ಟಗಳೂ ಅಲ್ಲಿಯ ಜೀವರಾಶಿಯೂ ಅವನ ಅಭಯದಾನದಲ್ಲಿ ಸೇರಿ ಸುಖವಾಗಿರಲಿ.